ಬುರ್ಸಾದಲ್ಲಿ ಎರಡು ದಿನ

ಬುರ್ಸಾ ಎಂಬ ಊರಿನ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಲಾರಿರಿ. ತುರ್ಕಿಗೆ ಹೋಗುವ ನಮ್ಮವರು ಇಸ್ತಾಂಬುಲಿನ ಮಸೀದಿಗಳನ್ನೂ ಅರಮನೆಯನ್ನೂ ನೋಡಿಕೊಂಡು ಹಿಂದಿರುಗುವುದೇ ವಾಡಿಕೆ. ನಾನೂ ಹಾಗೆಯೇ ಹಿಂದಿರುಗುತ್ತಿದ್ದೆನೋ ಏನೋ. ಕಳೆದ ದಸರೆಯ ರಜೆಯಲ್ಲಿ ಮಗಳ ಮನೆಗೆಂದು ನಾವಿಬ್ಬರೂ ಇಸ್ತಾಂಬುಲಿಗೆ ಹೋಗಿದ್ದೆವು. ಅಲ್ಲಿ ಕೆಲಸದಲ್ಲಿರುವ ನನ್ನ ಅಳಿಯ ಒಂದು ರಾತ್ರಿ ಊಟಕ್ಕೆ ಕುಳಿತಾಗ, “ಮಾವ, ಸಮುದ್ರದ ಆಚೆ ಬುರ್ಸಾ ಅಂತ ಒಂದು ಊರಿದೆ. ಅಲ್ಲಿ ಐನೂರು ವರ್ಷದಷ್ಟು ಹಳೆಯ ರೇಷ್ಮೆಗೂಡಿನ ಮಾರುಕಟ್ಟೆ ಇದೆ” ಎಂದ. ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ ನನ್ನಾಕೆ, “ಅದನ್ನು ನೋಡದೆ ಊರಿಗೆ ಹೋಗುವುದುಂಟೆ?” ಎಂದುಬಿಟ್ಟಳು.

ಆಕೆಗೆ ಅಷ್ಟು ಆತುರವೇಕೆಂದು ನೀವು ಕೇಳಬಹುದು. ನಮ್ಮದು ರಾಮನಗರದ ಸಮೀಪದ ಒಂದು ಹಳ್ಳಿ. ನನ್ನ ತಂದೆತಾಯಿಗಳು ಹಿಪ್ಪುನೇರಳೆ ಬೆಳೆದು ಹುಳು ಸಾಕಿ ಜೀವನ ಮಾಡಿದವರು. ಈಗ ನನ್ನ ತಮ್ಮ ಅದನ್ನೇ ಮಾಡುತ್ತಿದ್ದಾನೆ. ನಾನು ಕನ್ನಡ ಪಂಡಿತನಾಗಿ ಶಾಲೆಗೆ ಸೇರಿದ ಮೇಲೆ ಹುಳು ಮನೆಯ ಕೆಲಸ ನನ್ನ ಕೈಬಿಟ್ಟಿತು. ಸೊಸೆಯಾಗಿ ಬಂದ ನನ್ನಾಕೆಯ ಕೈಗೆ ಅದು ಬಂತು. ಸೊಪ್ಪು ಕತ್ತರಿಸುವುದು, ತಟ್ಟೆ ಬದಲಾಯಿಸುವುದು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಇವುಗಳಲ್ಲಿ ಆಕೆ ನನಗಿಂತ ದೊಡ್ಡ ಪಂಡಿತೆ. ರೇಷ್ಮೆ ನಮ್ಮ ಮನೆಗೆ ಅನ್ನವನ್ನೂ ಕೊಟ್ಟಿದೆ, ಕಣ್ಣೀರನ್ನೂ ಕೊಟ್ಟಿದೆ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ಬೆಳೆ, ಹುಳು ನಾಲ್ಕನೆಯ ಜ್ವರ ಎದ್ದಮೇಲೆ, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಹಾಲುತೊಂಡೆ ರೋಗ ತಗುಲಿ ಹಾಳಾಯಿತು. ತಟ್ಟೆ ತಟ್ಟೆಗಳನ್ನೇ ಹೊತ್ತು ತಿಪ್ಪೆಗೆ ಸುರಿದು ಬಂದ ನನ್ನ ತಾಯಿ ಆ ರಾತ್ರಿ ಒಲೆ ಹಚ್ಚಲಿಲ್ಲ. ಆ ವರ್ಷ ನಮ್ಮ ಮನೆಯಿಂದ ಒಬ್ಬರನ್ನು ಮಾತ್ರ ಶಾಲೆಗೆ ಕಳುಹಿಸಲು ಸಾಧ್ಯವಿತ್ತು. ಅಕ್ಕ ನಿಂತಳು, ನಾನು ಹೋದೆ. ಆದ್ದರಿಂದ ಗೂಡಿನ ಮಾರುಕಟ್ಟೆ ಎಂದರೆ ನಮಗೆ ಬರಿಯ ನೋಟದ ವಸ್ತುವಲ್ಲ.

ಇಸ್ತಾಂಬುಲಿನಿಂದ ಮರ್ಮರ ಸಮುದ್ರವನ್ನು ಹಡಗಿನಲ್ಲಿ ದಾಟಿದರೆ ಸುಮಾರು ಎರಡು ಗಂಟೆಯಲ್ಲಿ ಮುದಾನ್ಯ ಎಂಬ ಸಣ್ಣ ರೇವು ಸಿಕ್ಕುತ್ತದೆ. ಮೊದಲನೆಯ ಮಹಾಯುದ್ಧದ ಬೆನ್ನಲ್ಲೇ ಬಂದ ಗ್ರೀಕರ ಯುದ್ಧವನ್ನು ನಿಲ್ಲಿಸುವ ಒಪ್ಪಂದಕ್ಕೆ ೧೯೨೨ರ ಅಕ್ಟೋಬರಿನಲ್ಲಿ ಸಹಿ ಬಿದ್ದದ್ದು ಇಲ್ಲಿಯೇ. ಅಲ್ಲಿಂದ ಬುರ್ಸಾಕ್ಕೆ ಆಲಿವ್ ತೋಟಗಳ ನಡುವೆ ರಸ್ತೆ. ಊರು ಕಾಣುವುದಕ್ಕೆ ಮೊದಲೇ ಅದರ ಬೆನ್ನಿಗೆ ನಿಂತ ಉಲುದಾಗ್ ಪರ್ವತ ಕಾಣುತ್ತದೆ. ಎತ್ತರ ೨೫೪೩ ಮೀಟರು. ಅದರಿಂದ ಇಳಿಯುವ ನೀರೇ ಈ ಊರಿನ ಭಾಗ್ಯ. ಎತ್ತ ನೋಡಿದರೂ ಕಾರಂಜಿ, ಎತ್ತ ನೋಡಿದರೂ ಹಸುರು. ಒಟ್ಟೊಮನ್ ತುರ್ಕರು, ಒರ್ಹಾನನ ಕಾಲದಲ್ಲಿ, ೧೩೨೬ರಲ್ಲಿ ಇದನ್ನು ಗೆದ್ದು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡರು. ಮುಂದೆ ಮೂರು ಖಂಡಗಳಲ್ಲಿ ಹಬ್ಬಿದ ಸಾಮ್ರಾಜ್ಯದ ತೊಟ್ಟಿಲು ಇದು. ಮೊದಲ ಆರು ಮಂದಿ ಸುಲ್ತಾನರೂ ಇಲ್ಲಿಯೇ ಮಲಗಿದ್ದಾರೆ.

ಅವರಲ್ಲಿ ಆರನೆಯವನಾದ ಎರಡನೆಯ ಮುರಾದನ ಗೋರಿಯನ್ನು ಮೊದಲ ದಿನ ಬೆಳಗ್ಗೆ ನೋಡಿದೆವು. ಮುರಾದಿಯೆ ಎಂಬ ಆ ಸ್ಥಳ ಒಂದು ತೋಟ. ಶ್ರೀರಂಗಪಟ್ಟಣದಲ್ಲಿ ನಾವು ಗುಂಬಜ್ ಎನ್ನುತ್ತೇವಲ್ಲ, ಅಂಥ ಸಣ್ಣ ಸಣ್ಣ ಗುಂಬಜುಗಳು ಹನ್ನೆರಡು ಆ ತೋಟದಲ್ಲಿವೆ. ಒಳಗೆ ನೀಲಿ ಹೆಂಚುಗಳ ಸೊಬಗು ಕಣ್ಣು ಕುಕ್ಕುವಂತಿದೆ. ತಂದೆಯಾದ ಸುಲ್ತಾನ್ ಸುಲೇಮಾನನ ಅಪ್ಪಣೆಯಿಂದಲೇ ೧೫೫೩ರಲ್ಲಿ ಕೊಲೆಯಾದ ರಾಜಕುಮಾರ ಮುಸ್ತಫನದು ಅವುಗಳಲ್ಲಿ ಬಲು ಚೆಲುವಾದದ್ದು. ಸತ್ತಮೇಲೆ ಸಿಂಗಾರ! ಆದರೆ ಮುರಾದನ ಗೋರಿ ಬೇರೆಯ ಬಗೆ. ಅವನು ತೀರಿಕೊಂಡದ್ದು ೧೪೫೧ರಲ್ಲಿ; ಇಸ್ತಾಂಬುಲನ್ನು ಗೆದ್ದ ಮೆಹ್ಮೆದನ ತಂದೆ. ತನ್ನನ್ನು ಬರಿಯ ಮಣ್ಣಿನಲ್ಲಿಡಬೇಕು, ಮೇಲಣ ಗುಮ್ಮಟ ತೆರೆದಿರಬೇಕು, ದೇವರ ಮಳೆ ತನ್ನ ಮೇಲೆ ಬೀಳಬೇಕು ಎಂದು ಅವನು ಬರೆದಿಟ್ಟಿದ್ದನಂತೆ. ಹಾಗೆಯೇ ಮಾಡಿದ್ದಾರೆ. ಗುಮ್ಮಟದ ನೆತ್ತಿಯಲ್ಲಿ ಆಕಾಶ, ಕೆಳಗೆ ಅಮೃತಶಿಲೆಯ ಕಟ್ಟಿನ ನಡುವೆ ಹಿಡಿಮಣ್ಣು. ನಾವು ಹೋದಾಗ ಹಿಂದಿನ ರಾತ್ರಿ ಮಳೆಯಾಗಿತ್ತು. ಮಣ್ಣು ಒದ್ದೆಯಾಗಿತ್ತು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕಾರಾಗೊಜ್ ಗೊಂಬೆಗಳ ವಸ್ತುಸಂಗ್ರಹಾಲಯ ಉಂಟು. ನಮ್ಮ ತೊಗಲುಗೊಂಬೆಯಂತೆಯೇ ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಆಟ. ನಮ್ಮಲ್ಲಿ ಆಡಿನ ಅಥವಾ ಜಿಂಕೆಯ ಚರ್ಮ. ಅವರಲ್ಲಿ ಒಂಟೆಯ ಚರ್ಮ. ನಮ್ಮಲ್ಲಿ ರಾಮಾಯಣ ಮಹಾಭಾರತಗಳ ನಡುವೆ ಕಿಳ್ಳೇಕ್ಯಾತ ಬಂಗಾರಕ್ಕರು ಬಂದು ನಗಿಸಿ ಹೋಗುತ್ತಾರೆ. ಅವರಲ್ಲಿ ನಗಿಸುವವರೇ ಕಥಾನಾಯಕರು. ಬುರ್ಸಾದ ಒಂದು ಮಸೀದಿಯನ್ನು ಕಟ್ಟುವಾಗ ಕಾರಾಗೊಜ್, ಹಾಜಿವಾತ್ ಎಂಬ ಇಬ್ಬರು ಕೆಲಸಗಾರರು ಹಾಸ್ಯದ ಮಾತಾಡುತ್ತ ಉಳಿದವರ ಕೆಲಸವನ್ನೆಲ್ಲ ನಿಲ್ಲಿಸಿಬಿಡುತ್ತಿದ್ದರಂತೆ. ಸುಲ್ತಾನ ಕೋಪದಿಂದ ಅವರನ್ನು ಕೊಲ್ಲಿಸಿದ, ಆಮೇಲೆ ಕೊರಗಿದ. ಅವನನ್ನು ಸಂತೈಸಲು ಒಬ್ಬ ಸಾಧು ಅವರ ಬೊಂಬೆ ಮಾಡಿ ಪರದೆಯ ಮೇಲೆ ಆಡಿಸಿದನಂತೆ. ಇದು ಐತಿಹ್ಯ, ಚರಿತ್ರೆಯಲ್ಲ. ಹಾಜಿವಾತ್ ಓದಿಕೊಂಡವನು, ಅರಬ್ಬಿ ಪಾರಸಿ ಪದಗಳನ್ನು ತುಂಬಿ ಘನವಾಗಿ ಮಾತಾಡುತ್ತಾನೆ. ಕಾರಾಗೊಜ್ ಹಳ್ಳಿಗನಂತೆ ಅದಕ್ಕೆ ಬೇರೆಯೇ ಅರ್ಥ ಮಾಡಿ ಅವನ ತಲೆಗೆ ಮೊಟಕುತ್ತಾನೆ. ಅಳಿಯ ಇದನ್ನು ವಿವರಿಸುತ್ತಿದ್ದಾಗ ನನ್ನಾಕೆ ಹಾಜಿವಾತನ ಗೊಂಬೆಯನ್ನು ನೋಡಿ ನನ್ನನ್ನು ನೋಡಿದಳು. ಹಳಗನ್ನಡ ಪಾಠ ಹೇಳುವವನಿಗೆ ಇದು ಹೊಸತಲ್ಲ.

ಮಧ್ಯಾಹ್ನ ಊರ ನಡುವಣ ಉಲು ಜಾಮಿ, ಎಂದರೆ ದೊಡ್ಡ ಮಸೀದಿಗೆ ಬಂದೆವು. ೧೩೯೬ರಲ್ಲಿ ನಿಕೊಪೊಲಿಸ್ ಎಂಬಲ್ಲಿ ಯುದ್ಧ ಗೆದ್ದರೆ ಇಪ್ಪತ್ತು ಮಸೀದಿಗಳನ್ನು ಕಟ್ಟಿಸುವೆನೆಂದು ಸುಲ್ತಾನ್ ಬಾಯಜೀದ್ ಹರಸಿಕೊಂಡಿದ್ದನಂತೆ. ಗೆದ್ದ ಮೇಲೆ ಇಪ್ಪತ್ತು ಗುಮ್ಮಟಗಳ ಒಂದೇ ಮಸೀದಿಯನ್ನು ಕಟ್ಟಿಸಿದನಂತೆ. ಹರಕೆಯಲ್ಲಿ ಲೆಕ್ಕ ಸರಿಮಾಡಿಕೊಳ್ಳುವ ಜಾಣತನ ಎಲ್ಲ ದೇಶಗಳಲ್ಲಿಯೂ ಉಂಟು. ಮಸೀದಿಯ ಒಳಗೇ, ನಟ್ಟನಡುವೆ, ನೀರಿನ ಕಾರಂಜಿ. ಅದೊಂದು ವಿಶೇಷ. ಆ ಜಾಗ ಒಬ್ಬ ಹೆಂಗಸಿನದಾಗಿತ್ತು; ಆಕೆ ಮಾರಲು ಒಪ್ಪಿರಲಿಲ್ಲ; ಒಪ್ಪಿಗೆಯಿಲ್ಲದೆ ಬಂದ ನೆಲದ ಮೇಲೆ ನಮಾಜು ಮಾಡಬಾರದೆಂದು ಅಲ್ಲಿ ನೀರು ತುಂಬಿಸಿದರು ಎಂದು ಜನ ಹೇಳುತ್ತಾರೆ. ಗೋಡೆಗಳ ಮೇಲೆಲ್ಲ ಆಳೆತ್ತರದ ಅರಬ್ಬಿ ಅಕ್ಷರಗಳು. ಪಕ್ಕದಲ್ಲಿದ್ದ ಒಬ್ಬ ಕಾಲೇಜು ಹುಡುಗನನ್ನು, ಏನು ಬರೆದಿದೆಯೆಂದು ಅಳಿಯನ ಮೂಲಕ ಕೇಳಿಸಿದೆ. ತನಗೆ ಓದಲು ಬಾರದೆಂದ. ತುರ್ಕರು ೧೯೨೮ರಲ್ಲಿ ಅರಬ್ಬಿ ಲಿಪಿಯನ್ನು ಬಿಟ್ಟು ಲ್ಯಾಟಿನ್ ಲಿಪಿಯನ್ನು ಹಿಡಿದರು. ಅಂದಿನಿಂದ ತಾತನ ಕಾಗದ ಮೊಮ್ಮಗನಿಗೆ ಚಿತ್ರದಂತಾಗಿದೆ. ಶಾಸನಗಳನ್ನು ಓದಿಸುವ ವೃತ್ತಿಯ ನನಗೆ ಆ ಹುಡುಗನ ಮಾತು ಬಹಳ ಹೊತ್ತು ಮನಸ್ಸಿನಲ್ಲಿ ನಿಂತಿತು.

ಮಸೀದಿಯ ಬಾಗಿಲು ದಾಟಿ ನಾಲ್ಕು ಹೆಜ್ಜೆ ಹಾಕಿದರೆ ಕೊಜಾ ಹಾನ್. ‘ಕೊಜಾ’ ಎಂದರೆ ಗೂಡು, ‘ಹಾನ್’ ಎಂದರೆ ವರ್ತಕರು ಇಳಿದುಕೊಳ್ಳುವ ಛತ್ರ. ಗೂಡಿನ ಛತ್ರ! ಎರಡನೆಯ ಬಾಯಜೀದ್ ಎಂಬ ಸುಲ್ತಾನ ೧೪೯೧ರಲ್ಲಿ ಇದನ್ನು ಕಟ್ಟಿಸಿದ. ಕಲ್ಲು ಇಟ್ಟಿಗೆಗಳ ಪಟ್ಟೆ ಪಟ್ಟೆಯ ಗೋಡೆ, ಎರಡು ಅಂತಸ್ತು, ಸುತ್ತ ಕಮಾನಿನ ಮೊಗಸಾಲೆ, ಅದಕ್ಕೆ ತೆರೆದುಕೊಂಡ ೯೫ ಕೋಣೆಗಳು. ನಡುವಣ ಅಂಗಳದಲ್ಲಿ ಕಂಬಗಳ ಮೇಲೆ ನಿಂತ ಎಂಟು ಮೂಲೆಯ ಪುಟ್ಟ ಮಸೀದಿ. ಅದರ ಕೆಳಗೆ ಕೈಕಾಲು ತೊಳೆಯುವ ನೀರು. ಮರಗಳ ನೆರಳಿನಲ್ಲಿ ಮೇಜು ಕುರ್ಚಿ ಹಾಕಿಕೊಂಡು ಜನ ಚಹ ಕುಡಿಯುತ್ತಿದ್ದರು. ೨೦೦೮ರಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಇಲ್ಲಿಗೆ ಬಂದಿದ್ದರೆಂದು ಹೆಮ್ಮೆಯಿಂದ ಹೇಳುತ್ತಾರೆ.

ನನ್ನಾಕೆ ಹೆಬ್ಬಾಗಿಲಲ್ಲಿ ನಿಂತು ಮೂಗರಳಿಸಿದಳು. “ವಾಸನೆಯೇ ಇಲ್ಲವಲ್ಲ” ಎಂದಳು. ಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಈ ಮಾತು ತಿಳಿಯುತ್ತದೆ. ರಾಮನಗರದ ಮಾರುಕಟ್ಟೆಯನ್ನು ಕಣ್ಣುಮುಚ್ಚಿಕೊಂಡು ಹೋದರೂ ಗುರುತಿಸಬಹುದು. ಆ ಹಸಿಗೂಡಿನ ವಾಸನೆ, ಲಾಟಿನ ಮುಂದೆ ಗೂಡನ್ನು ಅಲ್ಲಾಡಿಸಿ ಕಿವಿಗಿಟ್ಟುಕೊಳ್ಳುವ ನೂಲು ಬಿಚ್ಚುವವರು, ರೇಟು ಸಿಕ್ಕದೆ ಮುಖ ಬಾಡಿಸಿಕೊಂಡು ನಿಂತ ರೈತ; ಇದೊಂದೂ ಇಲ್ಲಿರಲಿಲ್ಲ. ತೊಂಬತ್ತೈದು ಕೋಣೆಗಳಲ್ಲಿಯೂ ಮಡಿಸಿಟ್ಟ ರೇಷ್ಮೆಯ ಕತ್ತುವಸ್ತ್ರಗಳು, ಕೊರಳುಪಟ್ಟಿಗಳು. ಬಹು ಅಚ್ಚುಕಟ್ಟು, ಬಹು ಸುಂದರ.

ಬುರ್ಸಾಕ್ಕೂ ರೇಷ್ಮೆಗೂ ಇರುವ ನಂಟು ಬಹಳ ಹಳೆಯದು. ಚೀನಾದವರು ಗುಟ್ಟಾಗಿ ಕಾಪಾಡಿಕೊಂಡಿದ್ದ ಹುಳುವಿನ ಮೊಟ್ಟೆಗಳು ಆರನೆಯ ಶತಮಾನದಲ್ಲಿ, ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ, ಸಂನ್ಯಾಸಿಗಳ ಮೂಲಕ ಈ ಸೀಮೆಗೆ ಬಂದುವು. ಟೊಳ್ಳು ಕೋಲಿನಲ್ಲಿ ಅಡಗಿಸಿ ತಂದರೆಂದು ಕಥೆ. ಒಟ್ಟೊಮನ್ನರ ಕಾಲದಲ್ಲಿ ಇರಾನಿನ ಗೀಲಾನಿನಿಂದ ಒಂಟೆಗಳ ಮೇಲೆ ಕಚ್ಚಾ ರೇಷ್ಮೆ ಬುರ್ಸಾಕ್ಕೆ ಬರುತ್ತಿತ್ತು. ಇಟಲಿಯ ಜಿನೋವ, ಫ್ಲಾರೆನ್ಸುಗಳ ವರ್ತಕರು ಕೊಳ್ಳಲು ಕಾದಿರುತ್ತಿದ್ದರು. ಮುಂದೆ ಸುತ್ತಣ ಹಳ್ಳಿಗಳೇ ಹುಳು ಸಾಕತೊಡಗಿದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರದಿಂದ ನೂಲು ತೆಗೆಯುವ ಕಾರ್ಖಾನೆಗಳು ಎದ್ದುವು. ಅಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕುಳಿತು ದುಡಿದವರಲ್ಲಿ ಬಹುಮಂದಿ ಗ್ರೀಕರ ಮತ್ತು ಆರ್ಮೇನಿಯನ್ನರ ಹೆಣ್ಣುಮಕ್ಕಳು.

ಆಮೇಲೆ ಬಂತು ಗಂಟುರೋಗ. ಯೂರೋಪನ್ನೆಲ್ಲ ಹಾಳುಮಾಡಿದ ಆ ರೋಗ ಇಲ್ಲಿಯೂ ತೋಟಗಳನ್ನು ಬರಿದು ಮಾಡಿತು. ಫ್ರಾನ್ಸಿನ ಲೂಯಿ ಪಾಶ್ಚರ್, ಮೊಟ್ಟೆಯಿಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ್ದರ ಮೊಟ್ಟೆಯನ್ನು ಮಾತ್ರ ಉಳಿಸುವ ಉಪಾಯವನ್ನು ಕಂಡುಹಿಡಿದ. ಇಂದಿಗೂ ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ನಡೆಯುವುದು ಅದೇ. ಆ ವಿದ್ಯೆಯನ್ನು ಫ್ರಾನ್ಸಿನಲ್ಲಿ ಕಲಿತು ಬಂದ ಕೆವೊರ್ಕ್ ತೊರ್ಕೊಮ್ಯಾನ್ ಎಂಬ ಆರ್ಮೇನಿಯನ್ ಮೇಷ್ಟರು ೧೮೮೮ರಲ್ಲಿ ಬುರ್ಸಾದಲ್ಲಿ ಪ್ರಾರಂಭವಾದ ರೇಷ್ಮೆಯ ಶಾಲೆಯನ್ನು ನಡೆಸಿದರು. ಬೆಳೆ ಮತ್ತೆ ಚಿಗುರಿತು. ರೋಗದಿಂದ ಉಳಿದದ್ದು ಮನುಷ್ಯರಿಂದ ಉಳಿಯಲಿಲ್ಲ. ೧೯೧೫ರಲ್ಲಿ ಆರ್ಮೇನಿಯನ್ನರನ್ನು ಊರು ಬಿಡಿಸಿದರು. ಗ್ರೀಕರೂ ೧೯೨೨ರ ಹೊತ್ತಿಗೆ ಊರು ಬಿಟ್ಟಿದ್ದರು. ೧೯೨೩ರ ಒಪ್ಪಂದದಿಂದ ಅವರು ಮರಳುವ ದಾರಿಯೂ ಮುಚ್ಚಿತು. ನೂಲು ತೆಗೆಯುವ ಕೈಗಳೇ ಹೊರಟುಹೋದುವು. ಗಣರಾಜ್ಯ ಬಂದ ಮೇಲೆ ತಕ್ಕಮಟ್ಟಿಗೆ ಚೇತರಿಸಿಕೊಂಡಿತು. ೧೯೪೦ರಲ್ಲಿ ಗೂಡು ಬೆಳೆಯುವವರ ಸಹಕಾರ ಸಂಘವೂ ಹುಟ್ಟಿತು. ೧೯೭೧ರಲ್ಲಿ ಎರಡು ದೊಡ್ಡ ಕಾರಿನ ಕಾರ್ಖಾನೆಗಳು ಇಲ್ಲಿ ಶುರುವಾದುವು. ತಿಂಗಳ ಸಂಬಳ ಯಾರಿಗೆ ಬೇಡ? ಕೊನೆಗೆ ಚೀನಾದ ಅಗ್ಗದ ನೂಲು ಬಂದು ಮಿಕ್ಕದ್ದನ್ನೂ ಮುಗಿಸಿತು.

ಒಂದು ಅಂಗಡಿಯಲ್ಲಿ ನನ್ನಾಕೆ ಒಂದು ಕತ್ತುವಸ್ತ್ರವನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು. ಅಂಚಿನ ಒಂದೆಳೆ ಕೊಡಬೇಕೆಂದು ಸನ್ನೆ ಮಾಡಿದಳು. ಅಂಗಡಿಯವರು ಅರುವತ್ತು ದಾಟಿದವರು. ತಟ್ಟನೆ ಅರ್ಥಮಾಡಿಕೊಂಡು, ನಗುತ್ತ, ತಾವೇ ಎಳೆಯನ್ನು ಕಿತ್ತು ಬೆಂಕಿ ಹಚ್ಚಿದರು. ಕೂದಲು ಸುಟ್ಟ ವಾಸನೆ ಬಂತು. ಅಸಲು ರೇಷ್ಮೆಯೇ. “ನೂಲು ಎಲ್ಲಿಯದು ಅಂತ ಕೇಳಪ್ಪ” ಎಂದಳು ಆಕೆ ಅಳಿಯನಿಗೆ. ಅವರು ಮರೆಮಾಚಲಿಲ್ಲ. “ನೂಲು ಚೀನಾದ್ದು, ನೇಯ್ಗೆ ಮತ್ತು ಬಣ್ಣ ನಮ್ಮದು” ಎಂದರು. ತಮ್ಮ ತಂದೆಯ ಕಾಲದಲ್ಲಿ, ಬೇಸಗೆಯ ಮೊದಲಲ್ಲಿ, ಈ ಅಂಗಳದ ನೆಲವೇ ಕಾಣದಷ್ಟು ಗೂಡು ಬೀಳುತ್ತಿತ್ತೆಂದೂ ತಾವು ಹುಡುಗರಾಗಿ ಅದರ ಮೇಲೆ ಬಿದ್ದು ಬೈಸಿಕೊಂಡದ್ದುಂಟೆಂದೂ ಹೇಳಿದರು.

ಚೀನಾದ ನೂಲು ಎಂದೊಡನೆ ನನಗೆ ೨೦೧೧ನೆಯ ಇಸವಿ ನೆನಪಾಯಿತು. ಆ ವರ್ಷ ನಮ್ಮ ದೇಶದಲ್ಲಿ ಹೊರಗಿನ ಕಚ್ಚಾ ರೇಷ್ಮೆಯ ಮೇಲಣ ಸುಂಕವನ್ನು ಶೇಕಡ ೩೦ರಿಂದ ೫ಕ್ಕೆ ಇಳಿಸಿದರು. ಗೂಡಿನ ಬೆಲೆ ಬಿದ್ದುಹೋಯಿತು. ನಮ್ಮೂರಿನಲ್ಲಿ ಎಷ್ಟೋ ಜನ ಹಿಪ್ಪುನೇರಳೆಯನ್ನು ಬುಡಸಹಿತ ಅಗೆದು ಹಾಕಿದರು. ನನ್ನ ತಮ್ಮನೂ ಗುದ್ದಲಿ ಹಿಡಿದು ಹೊರಟಿದ್ದ. ನನ್ನ ತಾಯಿ ಆಗ ಇದ್ದರು. ತೋಟದ ಬದುವಿನ ಮೇಲೆ ಹೋಗಿ ಕುಳಿತುಬಿಟ್ಟರು. ಅವನು ಹಿಂದಿರುಗಿದ. ಟಿಪ್ಪು ಸುಲ್ತಾನ ೧೭೮೦ರ ದಶಕದಲ್ಲಿ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಊರಿಸಿದ ಕಸುಬು ಇದು. ಅವನ ರಾಯಭಾರಿಗಳು ೧೭೮೭ರಲ್ಲಿ ಇಸ್ತಾಂಬುಲಿಗೂ ಬಂದಿದ್ದರು. ನಮ್ಮದಕ್ಕೆ ಇನ್ನೂ ಇನ್ನೂರೈವತ್ತು ವರ್ಷ ತುಂಬಿಲ್ಲ. ಬುರ್ಸಾದ್ದು ಅದರ ಎರಡರಷ್ಟು ಕಾಲ ಬಾಳಿತ್ತು. ಆ ಅಂಗಳದಲ್ಲಿ ಕುಳಿತು ಚಹ ಕುಡಿಯುವಾಗ ಈ ಲೆಕ್ಕ ನನಗೆ ಹಿತವಾಗಲಿಲ್ಲ.

ಮೊಗಸಾಲೆಯ ಕೊನೆಯಲ್ಲಿ ಒಂದು ಬುಟ್ಟಿಯ ತುಂಬ ಬಿಳಿಯ ಗೂಡುಗಳಿದ್ದುವು. ನಾವು ಓಡಿಹೋಗಿ ನೋಡಿದೆವು. ಪ್ರವಾಸಿಗರು ನೆನಪಿಗಾಗಿ ಕೊಳ್ಳಲೆಂದು ಇಟ್ಟದ್ದು. ಒಂದೊಂದಕ್ಕೆ ಇಷ್ಟೆಂದು ಬೆಲೆ! ಕೆಲವನ್ನು ಕತ್ತರಿಸಿ ಬಣ್ಣ ಹಾಕಿ ಹೂವು ಮಾಡಿದ್ದರು. ಕಿಲೋ ಲೆಕ್ಕದಲ್ಲಿ ಮಾರಿ ಅಭ್ಯಾಸವಾದ ನನ್ನಾಕೆ ನಗಬೇಕೋ ಅಳಬೇಕೋ ತಿಳಿಯದೆ ನಿಂತಳು. ಕೊನೆಗೆ, ಕತ್ತರಿಸದಿದ್ದ ಒಂದನ್ನು ಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಊಟದ ವಿಷಯ ಹೇಳುವುದು ಹೆಚ್ಚಿಲ್ಲ. ಮಾಂಸದ ಅಡಿಗೆಗೆ ಈ ಊರು ಪ್ರಸಿದ್ಧ. ನಾವು ಅದನ್ನು ತಿನ್ನುವವರಲ್ಲ. ಬೇಳೆಯ ಸಾರು, ಎಳ್ಳಿನ ಹಿಟ್ಟು ಸವರಿದ ಸಿಹಿ ರೊಟ್ಟಿ, ಸಕ್ಕರೆ ಪಾಕದಲ್ಲಿ ಬೆಂದ ಚೆಸ್ಟ್‌ನಟ್ ಕಾಯಿ, ಇವುಗಳಲ್ಲಿ ಎರಡು ದಿನ ಸುಖವಾಗಿ ಕಳೆದುವು.

ಮರುದಿನ ಹಸುರು ಗೋರಿ ಎಂದು ಹೆಸರಾದ, ೧೪೨೧ರ ಸುಮಾರಿನ ಮೊದಲನೆಯ ಮೆಹ್ಮೆದನ ಗೋರಿಯನ್ನು ನೋಡಿದೆವು. ಹೆಸರು ಹಸುರು, ಹೊರಗಿನ ಹೆಂಚು ನೀಲಿ. ೧೮೫೫ರ ಭೂಕಂಪದಲ್ಲಿ ಬಹಳ ಕೆಟ್ಟಿತ್ತಂತೆ. ಈಗ ಕಾಣುವ ಹೊರಹೆಂಚುಗಳು ಹೆಚ್ಚಾಗಿ ಆಮೇಲಿನವು. ಅಲ್ಲಿಂದ ಪರ್ವತದ ಬುಡದಲ್ಲಿರುವ ಜುಮಾಲಿಕಿಜಿಕ್ ಎಂಬ ಹಳ್ಳಿಗೆ ಹೋದೆವು. ಒಟ್ಟೊಮನ್ನರ ಮೊದಲ ದಿನಗಳಿಂದ ಇರುವ ಹಳ್ಳಿ. ಬುರ್ಸಾದೊಡನೆ ೨೦೧೪ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಲ್ಲು ಹಾಸಿದ ಇಕ್ಕಟ್ಟಾದ ಓಣಿ, ನಡುವೆ ಹರಿಯುವ ನೀರು, ನೀಲಿ ಹಳದಿ ಬಳಿದ ಮರ ಮಣ್ಣಿನ ಮನೆಗಳು. ಮೇಲಂತಸ್ತು ಓಣಿಯ ಮೇಲೆ ಚಾಚಿಕೊಂಡಿದೆ. ಮನೆಮನೆಯ ಮುಂದೆಯೂ ಹೆಂಗಸರು ಹಣ್ಣಿನ ಪಾಕದ ಸೀಸೆಗಳನ್ನಿಟ್ಟುಕೊಂಡು ಮಾರುತ್ತಾರೆ.

ಒಂದು ಮನೆಯ ಅಂಗಳದಲ್ಲಿ ಮುದಿಯ ಹಿಪ್ಪುನೇರಳೆ ಮರವಿತ್ತು. ನಮ್ಮಲ್ಲಿನಂತೆ ಗಿಡವಲ್ಲ; ಹುಣಿಸೆಮರದ ಗಾತ್ರದ ಮರ. ನನ್ನಾಕೆ ಕೆಳಗೆ ಬಿದ್ದ ಒಂದು ಹಣ್ಣೆಲೆಯನ್ನು ಎತ್ತಿಕೊಂಡು ಬಾಗಿಲಲ್ಲಿ ಕುಳಿತಿದ್ದ ಅಜ್ಜಿಯ ಮುಂದೆ ಹಿಡಿದು, ಬಲಗೈಯ ತೋರುಬೆರಳನ್ನು ಮೇಲಕ್ಕೆತ್ತಿ ಅತ್ತಿತ್ತ ಆಡಿಸಿದಳು. ಹಣ್ಣಾದ ಹುಳು ಗೂಡು ಕಟ್ಟಲು ಜಾಗ ಹುಡುಕುತ್ತ ತಲೆಯೆತ್ತಿ ಆಡುವ ಬಗೆ ಅದು. ಅಜ್ಜಿ ಒಂದು ಕ್ಷಣ ನೋಡಿದರು. ತಾವೂ ಬೆರಳೆತ್ತಿ ಹಾಗೆಯೇ ಆಡಿಸಿದರು. ಇಬ್ಬರೂ ನಕ್ಕರು. ಆಮೇಲೆ ಅಳಿಯನಿಗೆ ಬಿಡುವಿಲ್ಲದಂತಾಯಿತು.

ಮೇಲಂತಸ್ತಿನ ಕೋಣೆಯೇ ಅವರ ಹುಳು ಮನೆಯಾಗಿತ್ತಂತೆ. ಹುಳು ದೊಡ್ಡದಾದ ದಿನಗಳಲ್ಲಿ ಮನೆಯವರೆಲ್ಲ ಕೆಳಗಿನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರಂತೆ. ರಾತ್ರಿ ಮೇಲೆ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಂದಂತೆ ಕೇಳಿಸುತ್ತಿತ್ತು ಎಂದರು. ನಮ್ಮ ತಾಯಿಯೂ ಇದೇ ಮಾತನ್ನು ಹೇಳುತ್ತಿದ್ದರು. ಹೊರಗಿನವರನ್ನು ಹುಳು ಮನೆಗೆ ಬಿಡುತ್ತಿರಲಿಲ್ಲ, ದೃಷ್ಟಿಯಾಗುತ್ತದೆಂದು ಭಯ. ನಮ್ಮಲ್ಲಿಯೂ ಹಾಗೆಯೇ. ಅಜ್ಜಿಯ ಮದುವೆಯ ಬಟ್ಟೆ ಪಾತ್ರೆ ಎಲ್ಲವೂ ಒಂದು ವರ್ಷದ ಗೂಡಿನ ಹಣದಿಂದ ಬಂದುವಂತೆ. ಗಂಡುಮಕ್ಕಳು ಕಾರಿನ ಕಾರ್ಖಾನೆಗೆ ಸೇರಿದ ಮೇಲೆ ಸೊಪ್ಪು ತರುವವರಿಲ್ಲದೆ ನಿಲ್ಲಿಸಿದರು. ತಟ್ಟೆಗಳನ್ನು ಏನು ಮಾಡಿದಿರೆಂದು ನನ್ನಾಕೆ ಕೇಳಿಸಿದಳು. ಒಂದು ಚಳಿಗಾಲ ಒಲೆಗೆ ಹಾಕಿದೆವು ಎಂದು ಅಜ್ಜಿ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಿಮ್ಮಲ್ಲಿ ಇನ್ನೂ ಉಂಟೆ ಎಂದು ಅವರು ಕೇಳಿದರು. ಉಂಟು, ನನ್ನ ಮೈದುನ ಮಾಡುತ್ತಾನೆ ಎಂದು ನನ್ನಾಕೆ ಹೇಳಿದಳು. ವರ್ಷಕ್ಕೆ ಎಷ್ಟು ಬೆಳೆ? ಈಕೆ ಒಂದು ಕೈಯ ಐದು ಬೆರಳನ್ನೂ ಇನ್ನೊಂದು ಕೈಯ ಒಂದನ್ನೂ ತೋರಿಸಿದಳು. ಅಜ್ಜಿ ನಂಬಲಿಲ್ಲ. ಅಳಿಯ ಎರಡು ಸಲ ಬಿಡಿಸಿ ಹೇಳಬೇಕಾಯಿತು. ಅವರ ನಾಡಿನಲ್ಲಿ ಚಳಿಗೆ ಮರ ಎಲೆಯುದುರಿಸಿ ನಿಲ್ಲುತ್ತದೆ. ವಸಂತದ ಚಿಗುರಿಗೆ ಒಂದೇ ಬೆಳೆ. ನಂಬಿದ ಮೇಲೆ ಅಜ್ಜಿ ನನ್ನಾಕೆಯ ಕೈಯನ್ನು ಹಿಡಿದುಕೊಂಡು ಕೇಳಿದರು: “ಹಾಗಾದರೆ ನೀವು ನಿದ್ದೆ ಮಾಡುವುದು ಯಾವಾಗ?”

ಹೊರಡುವಾಗ ಹಣ್ಣಿನ ಪಾಕದ ಒಂದು ಸೀಸೆಯನ್ನು ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಊರಿಗೆ ಬಂದ ಮೇಲೆ ನನ್ನಾಕೆ ಸೆರಗಿನ ಗಂಟಿನಲ್ಲಿ ತಂದಿದ್ದ ಗೂಡನ್ನು ತಮ್ಮನ ಕೈಗೆ ಕೊಟ್ಟಳು. ಅವನು ಅದನ್ನು ಹೆಬ್ಬೆರಳಿನಿಂದ ಅದುಮಿ ನೋಡಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. “ಗಟ್ಟಿಯಾಗಿದೆ ಅತ್ತಿಗೆ, ಒಳ್ಳೇ ಗೂಡು. ಏನು ರೇಟು ಅಲ್ಲಿ?” ಎಂದ. ಅಲ್ಲಿ ಈಗ ರೇಟು ಇಲ್ಲವೆಂದೂ ಹಿಂದೆ ವರ್ಷಕ್ಕೆ ಒಂದೇ ಬೆಳೆಯಾಗುತ್ತಿತ್ತೆಂದೂ ಹೇಳಿದೆ. “ಒಂದೇ ಬೆಳೆಯಾ ಅಣ್ಣ? ಮಿಕ್ಕ ದಿನವೆಲ್ಲ ಏನು ಮಾಡ್ತಿದ್ರಂತೆ?” ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ, ಗೂಡನ್ನು ಕಿಟಕಿಯ ಮೇಲಿಟ್ಟು, ಸೊಪ್ಪು ಹಾಕುವ ಹೊತ್ತಾಯಿತೆಂದು ಎದ್ದುಹೋದ.